ಬಿಸಿಲೇ ಬೆಳೆಯಾದ ಬಯಲು: ತಿರುಮಣಿ

ಕರ್ನಾಟಕದ ಭೂಪಟದಲ್ಲಿ ಪಾವಗಡ ತಾಲ್ಲೂಕನ್ನು ಹುಡುಕುವವರು ಗಡಿಯ ಗೆರೆಯನ್ನು ನಿಧಾನವಾಗಿ ಹಿಂಬಾಲಿಸಬೇಕು. ತುಮಕೂರು ಜಿಲ್ಲೆಗೆ ಸೇರಿದ್ದರೂ ಜಿಲ್ಲೆಯ ಉಳಿದ ತಾಲ್ಲೂಕುಗಳಿಗೆ ಅದು ಅಂಟಿಕೊಂಡಿಲ್ಲ. ಮೂರು ಕಡೆ ಆಂಧ್ರ ಸುತ್ತುವರಿದಿದೆ. ಚಿತ್ರದುರ್ಗ ಜಿಲ್ಲೆಯ ಕಡೆಗೆ ಮಾತ್ರ ಒಂದು ಕಿರಿದಾದ ನೆಲದ ಕೊಂಡಿ. ಮಧುಗಿರಿಯಿಂದ ಮಿಡಿಗೇಶಿ ಹಾದು ಪಾವಗಡಕ್ಕೆ ಹೊರಟವರು ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ದಾಟಿ ಮತ್ತೆ ಕರ್ನಾಟಕಕ್ಕೆ ಬರುತ್ತಾರೆ. ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗಿ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡವಾಗುತ್ತದೆ. ಜನರ ಮಾತಿಗೆ ಆ ಗಡಿಯ ಹಂಗಿಲ್ಲ. ಸಂತೆಯಲ್ಲಿ ಚೌಕಾಸಿ ತೆಲುಗಿನಲ್ಲಿ, ಚೀಟಿ ಬರೆಯುವುದು ಕನ್ನಡದಲ್ಲಿ ಎಂಬುದು ಇಲ್ಲಿ ಯಾರಿಗೂ ವಿಶೇಷವಲ್ಲ.

ಈ ತಾಲ್ಲೂಕಿನ ಅಂಚಿನಲ್ಲಿ, ನಾಗಲಮಡಿಕೆ ಹೋಬಳಿಯಲ್ಲಿದೆ ತಿರುಮಣಿ.

ಪ್ರವಾಸಿ ಪಟ್ಟಿಗಳಲ್ಲಿ ಈ ಊರಿನ ಹೆಸರು ಸಿಗುವುದಿಲ್ಲ. ಜಲಪಾತವಿಲ್ಲ, ರೆಸಾರ್ಟ್ ಇಲ್ಲ, ಮಂಜು ಮುಸುಕಿದ ಕಣಿವೆಯಿಲ್ಲ. ಇರುವುದು ಕೆಂಪು ಮಣ್ಣು, ಬಂಡೆಗುಡ್ಡ, ಜಾಲಿ, ತಂಗಡಿ, ಬಂದರಿಕೆ ಗಿಡಗಳ ಕುರುಚಲು, ಮತ್ತು ಬಿಸಿಲು. ಮಲೆನಾಡಿನ ಹಸಿರನ್ನೇ ಕಾಡು ಎಂದು ಕಲಿತ ಕಣ್ಣಿಗೆ ಇದು ಖಾಲಿ ಜಾಗ. ಸರ್ಕಾರಿ ಕಡತಗಳೂ ಇಂಥ ನೆಲವನ್ನು ಬಹುಕಾಲ ಬಂಜರು, ಬೀಳು ಎಂದೇ ಬರೆದುಕೊಂಡು ಬಂದಿವೆ. ಆ ಮಾತು ಎಷ್ಟು ಅನ್ಯಾಯದ್ದು ಎಂದು ತಿಳಿಯಲು ತಿರುಮಣಿಯನ್ನೂ ಅದರ ಸುತ್ತಲಿನ ಮಧುಗಿರಿ, ಶಿರಾ ಸೀಮೆಯನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿ ನೋಡಬೇಕು.

ಬರ ಇಲ್ಲಿ ಅತಿಥಿಯಲ್ಲ, ಮನೆಯವರ ಪೈಕಿ. ಕಡಲೆಕಾಯಿ ಬಿತ್ತಿ ಮುಗಿಲು ನೋಡುವುದು, ಹೂವಾಡುವ ಹೊತ್ತಿಗೆ ಮಳೆ ಕೈಕೊಡುವುದು, ಸಾಲ ಮಾಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ದೂಳು ಮಾತ್ರ ಮೇಲೆ ಬರುವುದು, ಕೊನೆಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗಂಟುಮೂಟೆ ಕಟ್ಟುವುದು: ಪಾವಗಡದ ಅನೇಕ ಮನೆಗಳ ಕಥೆ ಇಷ್ಟೇ ಸಾಲುಗಳಲ್ಲಿ ಮುಗಿಯುತ್ತದೆ. ಸಿಕ್ಕ ನೀರಿನಲ್ಲೂ ಫ್ಲೋರೈಡ್ ಇತ್ತು. ಹಲ್ಲು ಕಂದುಗಟ್ಟಿದ ಮಕ್ಕಳು, ಮಂಡಿ ಮಡಚಲಾಗದ ಹಿರಿಯರು ಈ ತಾಲ್ಲೂಕಿನ ಹಳ್ಳಿಹಳ್ಳಿಯಲ್ಲೂ ಇದ್ದರು. ಶುದ್ಧ ನೀರಿನ ಘಟಕಗಳು ಬಂದವು. ಬಹುದೂರದ ತುಂಗಭದ್ರಾ ಹಿನ್ನೀರಿನಿಂದ ಕೊಳವೆಯಲ್ಲಿ ಕುಡಿಯುವ ನೀರು ತರುವ ಯೋಜನೆಗಾಗಿ ಜನ ವರ್ಷಗಟ್ಟಲೆ ಹೋರಾಡಿದರು.

ಹೊರಗಿನ ಪತ್ರಿಕೆಗಳಲ್ಲಿ ಈ ಭಾಗದ ಹೆಸರು ಮೊದಲು ದೊಡ್ಡದಾಗಿ ಬಂದದ್ದು ನೋವಿನ ಸುದ್ದಿಯಾಗಿ. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ರಾತ್ರಿ ಹೊತ್ತು ನಕ್ಸಲರು ದಾಳಿ ಮಾಡಿದರು. ಪೊಲೀಸರು ಪ್ರಾಣ ಕಳೆದುಕೊಂಡರು. ಬಡತನ, ಬರ, ಗಡಿಯಾಚೆಯ ಗುಡ್ಡಗಳಿಗೆ ಸುಲಭದ ದಾರಿ, ಎಲ್ಲವೂ ಆಗ ಚರ್ಚೆಗೆ ಬಂದವು. ಅದಾಗಿ ಹತ್ತು ವರ್ಷದ ಮೇಲೆ ಇದೇ ಹೋಬಳಿಯ ಹೆಸರನ್ನು ಜಗತ್ತು ಬೇರೆ ಕಾರಣಕ್ಕೆ ಕೇಳಿತು.

2015ರ ಮಾರ್ಚ್‌ನಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಹುಟ್ಟಿತು. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಮತ್ತು ಕೇಂದ್ರದ ಸೌರ ಇಂಧನ ನಿಗಮ ಸೇರಿ ಕಟ್ಟಿದ ಕಂಪನಿ ಇದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ‘ಶಕ್ತಿಸ್ಥಳ’ ಎಂಬ ಹೆಸರಿನ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತವನ್ನು ಉದ್ಘಾಟಿಸಿದರು. 2019ರ ಕೊನೆಗೆ ಪೂರ್ಣ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು. ಆ ಹೊತ್ತಿಗೆ ಇದು ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳ ಸಾಲಿನಲ್ಲಿತ್ತು. ರಾಜಸ್ಥಾನದ ಭಾಡ್ಲಾ ಆಮೇಲೆ ಮುಂದೆ ಹೋಯಿತು.

ಇಲ್ಲಿ ನಿಜಕ್ಕೂ ಹೊಸದಾಗಿದ್ದುದು ಜಮೀನಿನ ವ್ಯವಹಾರ. ಯಾರ ಭೂಮಿಯನ್ನೂ ಸರ್ಕಾರ ಕೊಂಡುಕೊಳ್ಳಲಿಲ್ಲ. ಸುಮಾರು 2,300 ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಮಳೆ ಬಂದರೂ ಬಾರದಿದ್ದರೂ ಖಾತೆಗೆ ಹಣ ಬೀಳುವ ವ್ಯವಸ್ಥೆ ಈ ಸೀಮೆಯಲ್ಲಿ ಹಿಂದೆಂದೂ ಇರಲಿಲ್ಲ. ಹತ್ತಾರು ಎಕರೆ ಇದ್ದವರ ಮನೆಗಳು ತಾರಸಿಯಾದವು, ಸಾಲ ತೀರಿದವು, ಮಕ್ಕಳು ಓದಲು ಪಟ್ಟಣ ಸೇರಿದರು.

ಆದರೆ ಗುತ್ತಿಗೆ ಹಣ ಬರುವುದು ಪಹಣಿ ಇದ್ದವರಿಗೆ. ಬೇರೆಯವರ ಹೊಲದಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಬದುಕುತ್ತಿದ್ದ ಕೂಲಿಯವರಿಗೆ ಹೊಲವೇ ಇಲ್ಲವಾಯಿತು. ಕುರಿ ಮೇಯಿಸುವವರ ಪಾಡೂ ಅದೇ. ಸುಗ್ಗಿ ಮುಗಿದ ಹೊಲದಲ್ಲಿ, ಬೀಳುಬಿಟ್ಟ ಜಮೀನಿನಲ್ಲಿ ಮಂದೆ ಬಿಡುವುದು ಇಲ್ಲಿನ ಹಳೆಯ ಪದ್ಧತಿ. ಅದಕ್ಕೆ ಯಾರೂ ಕಾಗದ ಬರೆದುಕೊಂಡಿರಲಿಲ್ಲ. ಬೇಲಿ ಬಿದ್ದ ಮೇಲೆ ಕಾಗದವಿಲ್ಲದ ಆ ಹಕ್ಕು ಕಾಣದಂತಾಯಿತು. ಮಂದೆ ಮಾರಿದವರಿದ್ದಾರೆ, ದೂರದ ಗುಡ್ಡಕ್ಕೆ ಹೊಡೆದುಕೊಂಡು ಹೋಗುವವರಿದ್ದಾರೆ. ಪಾರ್ಕಿನೊಳಗೆ ಸ್ಥಳೀಯರಿಗೆ ಸಿಕ್ಕ ಕೆಲಸ ಹೆಚ್ಚಾಗಿ ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು. ಕೆಲಸ ಕೆಲಸವೇ ನಿಜ. ಹೊಲ ಕೊಡುತ್ತಿದ್ದಷ್ಟು ಕೈಗಳಿಗೆ ಅದು ಸಾಲದು ಎಂಬುದೂ ನಿಜ. ಪಾರ್ಕನ್ನು ಇನ್ನಷ್ಟು ವಿಸ್ತರಿಸುವ ಮಾತು ಸರ್ಕಾರದಲ್ಲಿ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಈ ಕುರಿಗಾಹಿಗಳ, ಕೂಲಿಕಾರರ ಪಾಲು.

ತಿರುಮಣಿ ಸುತ್ತಿನ ರಸ್ತೆಯಲ್ಲಿ ನಿಂತರೆ ಕಾಣುವ ನೋಟ ಬೇರೆಲ್ಲೂ ಸಿಗುವುದಿಲ್ಲ. ತಂತಿಬೇಲಿಯ ಆಚೆ ಕಡುನೀಲಿ ಪ್ಯಾನೆಲುಗಳ ಸಾಲು ದಿಬ್ಬ ಹತ್ತಿ, ಇಳಿದು, ಮತ್ತೊಂದು ದಿಬ್ಬ ಹತ್ತುತ್ತದೆ. ನಾವು ಸಮಭಾಜಕದ ಉತ್ತರಕ್ಕಿರುವುದರಿಂದ ವರ್ಷದ ಬಹುಪಾಲು ಸೂರ್ಯ ತುಸು ದಕ್ಷಿಣಕ್ಕೇ ವಾಲಿರುತ್ತಾನೆ. ಅದಕ್ಕೇ ಪ್ಯಾನೆಲುಗಳೂ ದಕ್ಷಿಣಕ್ಕೆ ಓರೆಯಾಗಿ ಮುಖ ಮಾಡಿವೆ. ಹತ್ತಿರದಿಂದ ನೋಡಿದರೆ ಗಾಜಿನ ಕೆಳ ಅಂಚಿನಲ್ಲಿ ಕೆಂಪು ದೂಳಿನ ತೆಳುಪಟ್ಟಿ. ದೂಳು ಕೂತಷ್ಟೂ ವಿದ್ಯುತ್ ಇಳಿಯುತ್ತದೆ, ಹಾಗಾಗಿ ತೊಳೆಯುತ್ತಲೇ ಇರಬೇಕು. ನೀರಿಗೆ ಪರದಾಡಿದ ಊರಿನಲ್ಲಿ ಗಾಜು ತೊಳೆಯಲು ನೀರು ಬೇಕು. ಪ್ಯಾನೆಲಿನ ಅಡಿಯ ನೆರಳಿನಲ್ಲಿ ಹುಲ್ಲು ಚೆನ್ನಾಗಿ ಬೆಳೆಯುತ್ತದೆ. ಬೇಲಿಯಾಚೆಯ ಆಡು ಕುರಿಗಳಿಗೆ ಅದು ಎಟುಕುವುದಿಲ್ಲ. ಇಡೀ ಬಯಲಿನ ವಿದ್ಯುತ್ ತಿರುಮಣಿಯ ಪವರ್ ಗ್ರಿಡ್ ಉಪಕೇಂದ್ರದಲ್ಲಿ ಕೂಡಿ, 400 ಕಿಲೊವೋಲ್ಟ್ ತಂತಿಗಳಲ್ಲಿ ದೂರದ ಊರುಗಳಿಗೆ ಹರಿಯುತ್ತದೆ. ಬೆಂಗಳೂರಿನಲ್ಲಿ ಹಗಲು ತಿರುಗುವ ಫ್ಯಾನಿಗೂ ಈ ಬಯಲಿಗೂ ಸಂಬಂಧವಿದೆ.

ಹೋಬಳಿ ಕೇಂದ್ರ ನಾಗಲಮಡಿಕೆಗೆ ಬಂದರೆ ಉತ್ತರ ಪಿನಾಕಿನಿ ನದಿ. ನಂದಿಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು ದಾಟಿ, ಹಿಂದೂಪುರದ ಮೂಲಕ ಆಂಧ್ರಕ್ಕೆ ಹೋಗಿ, ಇಲ್ಲಿ ಮತ್ತೊಮ್ಮೆ ಕರ್ನಾಟಕವನ್ನು ಮುಟ್ಟಿ, ಪೇರೂರು ಅಣೆಕಟ್ಟೆಯತ್ತ ಸಾಗುವ ನದಿ ಅದು. ವರ್ಷದ ಹೆಚ್ಚು ಕಾಲ ಕಾಣುವುದು ಮರಳೇ. ದಡದಲ್ಲಿ ಸುಬ್ರಹ್ಮಣ್ಯನ ಗುಡಿಯಿದೆ. ಕುಕ್ಕೆಯದು ಆದಿ, ಘಾಟಿಯದು ಮಧ್ಯ, ನಾಗಲಮಡಿಕೆಯದು ಅಂತ್ಯ ಸುಬ್ರಹ್ಮಣ್ಯ ಎಂಬ ನಂಬಿಕೆಯಿಂದ ಮೂರನ್ನೂ ದರ್ಶನ ಮಾಡಿ ಬರುವವರುಂಟು. ಜಾತ್ರೆಯ ದಿನಗಳಲ್ಲಿ ಎರಡೂ ರಾಜ್ಯದವರು ಇಲ್ಲಿ ಸೇರುತ್ತಾರೆ.

ಈಗ ಸೋಲಾರ್ ಬಯಲಿನಿಂದ ದಕ್ಷಿಣಕ್ಕೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ. ಆಂಧ್ರದ ಗಡಿಗೆ ತಾಗಿದ ಈ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವಿಸ್ತೀರ್ಣ 798 ಎಕರೆ. ತಿರುಚಿದ ಕೊಂಬಿನ, ಕಪ್ಪು ಬೆನ್ನು ಬಿಳಿ ಹೊಟ್ಟೆಯ ಗಂಡುಗಳು. ಕಂದು ಬಣ್ಣದ ಹೆಣ್ಣುಗಳು. ಕೃಷ್ಣಮೃಗಕ್ಕೆ ದಟ್ಟ ಮರಗಳ ಕಾಡು ಬೇಡ. ಅದರ ರಕ್ಷಣೆ ಇರುವುದು ದೂರದವರೆಗೆ ಕಾಣುವ ಕಣ್ಣಿನಲ್ಲಿ, ತೆರೆದ ಬಯಲಿನಲ್ಲಿ ಚಿಮ್ಮಿ ಓಡುವ ಕಾಲಿನಲ್ಲಿ. ಬೋಳು ನೆಲ ಕಂಡಲ್ಲೆಲ್ಲ ಗಿಡ ನೆಡುವ ಒಳ್ಳೆಯ ಮನಸ್ಸಿನವರೂ ಇಲ್ಲಿ ಒಮ್ಮೆ ತಡೆದು ಯೋಚಿಸಬೇಕು: ಹುಲ್ಲುಗಾವಲಿಗೆ ನೀಲಗಿರಿ ನೆಟ್ಟರೆ ಕೃಷ್ಣಮೃಗದ ಮನೆ ಕೆಡುತ್ತದೆ.

ಪಶ್ಚಿಮಕ್ಕೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು, ಈ ನೆಲ ಬಂಜರಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ. ಕಮರ ಮರಗಳ ಈ ಒಣ ಕಾಡಿನಲ್ಲಿ ಚಿಂಕಾರ ಎಂಬ ಹುಲ್ಲೆ ಇದೆಯೆಂದು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕ್ಯಾಮೆರಾ ಟ್ರ್ಯಾಪ್‌ಗಳಿಂದ ದಾಖಲಿಸಿದರು. ಕೊಂಡುಕುರಿಯೂ ಸಿಕ್ಕಿತು. 2019ರಲ್ಲಿ 136 ಚದರ ಕಿಲೋಮೀಟರ್ ಪ್ರದೇಶ ಚಿಂಕಾರ ವನ್ಯಧಾಮವಾಯಿತು. ಅದೇ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬೇಸಿಗೆಗೆ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಊರವರೇ ಅವಕ್ಕೆ ಕಾವಲು.

ಲೆಕ್ಕ ಹಾಕಿದರೆ ತಿರುಮಣಿಯ ಪಾರ್ಕು ಜಯಮಂಗಲಿ ಮೀಸಲಿನ ಹದಿನಾರು ಪಟ್ಟು. ಬಯಲುಸೀಮೆಯ ಎರಡು ಬಯಲುಗಳು. ಎರಡನ್ನೂ ಹೊರಗಿನವರು ಕೆಲಸಕ್ಕೆ ಬಾರದ ನೆಲ ಎನ್ನುತ್ತಿದ್ದರು. ಒಂದು ಲಕ್ಷಾಂತರ ಮನೆಗಳಿಗೆ ಬೆಳಕು ಕೊಡುತ್ತಿದೆ, ಇನ್ನೊಂದು ಅಳಿವಿನ ಅಂಚಿಗೆ ಬಂದಿದ್ದ ಪ್ರಾಣಿಯನ್ನು ಸಾಕುತ್ತಿದೆ. ಕಲ್ಲಿದ್ದಲು ಸುಡದ ವಿದ್ಯುತ್ ನಾಡಿಗೆ ಬೇಕೇ ಬೇಕು. ಆದರೆ ಮುಂದಿನ ಪಾರ್ಕಿಗೆ ಜಾಗ ಗುರುತಿಸುವಾಗ ಯಾವ ಬಯಲು ಯಾರ ಮನೆ ಎಂದು ಮೊದಲು ನೋಡುವ ಕಣ್ಣೂ ಬೇಕು.

ಚರಿತ್ರೆಯಲ್ಲೂ ಈ ಸೀಮೆ ಮೂಲೆಯಾಗಿರಲಿಲ್ಲ. ಪಾವಗಡ ತಾಲ್ಲೂಕಿನ ನಿಡಗಲ್ ದುರ್ಗ ಸುಮಾರು 1,150 ಮೀಟರ್ ಎತ್ತರದ ಬೆಟ್ಟ. ಕರಿಕಾಲ ಚೋಳನ ವಂಶದವರೆಂದು ಹೇಳಿಕೊಂಡ ನಿಡಗಲ್ ಚೋಳರ ನೆಲೆ. 13ನೇ ಶತಮಾನದ ಕೊನೆಗೆ ಹೊಯ್ಸಳರ ಮೂರನೇ ನರಸಿಂಹ ಇಲ್ಲಿಗೆ ದಂಡೆತ್ತಿ ಬಂದ. ಇಂದು ಪಾಳುಬಿದ್ದ ಕೋಟೆಗೋಡೆ, ಗುಡಿ, ಬಸದಿಗಳ ನಡುವೆ ನಡೆಯುವವರು ಬೆರಳೆಣಿಕೆಯಷ್ಟು ಮಂದಿ. ಗಡಿಯಾಚೆ, ಆಂಧ್ರದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಅಲ್ಲಿನ ಸಿದ್ಧೇಶ್ವರ, ದೊಡ್ಡೇಶ್ವರ ಗುಡಿಗಳ ಕಂಬದ ಕೆತ್ತನೆ ನೋಡಲೆಂದೇ ಒಂದು ದಿನ ಇಡಬಹುದು.

ಹೋಗುವವರಿಗೆ ಒಂದೆರಡು ಮಾತು. ಬೆಂಗಳೂರಿನಿಂದ ಸೋಲಾರ್ ಪಾರ್ಕಿಗೆ ಸುಮಾರು 180 ಕಿಲೋಮೀಟರ್. ಮಳೆಗಾಲ ಮುಗಿದು ಹುಲ್ಲು ಇನ್ನೂ ಒಣಗದ ಅಕ್ಟೋಬರಿನಿಂದ ಜನವರಿವರೆಗೆ ಸೂಕ್ತ ಕಾಲ. ತಂಗಲು ಪಾವಗಡ ಅಥವಾ ಮಧುಗಿರಿ. ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಶನಿವಾರ ಜನಸಾಗರ, ಅಂದು ಬಸ್ಸೂ ತುಂಬಿರುತ್ತದೆ. ಪಾರ್ಕಿನ ಬೇಲಿಯೊಳಗೆ ಹೋಗಲು ನಿಗಮದ ಅನುಮತಿ ಬೇಕು. ರಸ್ತೆಯಿಂದ ನೋಡಲು ಯಾವ ಅಡ್ಡಿಯೂ ಇಲ್ಲ. ಮೈದನಹಳ್ಳಿಯಲ್ಲಿ ವೀಕ್ಷಣಾ ಗೋಪುರವಿದೆ, ಬೆಳಗಿನ ಹೊತ್ತು ಒಳ್ಳೆಯದು. ಹುಲ್ಲಿನ ಮೇಲೆ ವಾಹನ ಓಡಿಸಬಾರದು, ಆಗಷ್ಟೇ ಹುಟ್ಟಿದ ಮರಿಗಳನ್ನು ತಾಯಿ ಕೃಷ್ಣಮೃಗಗಳು ಹುಲ್ಲಿನಲ್ಲೇ ಬಚ್ಚಿಟ್ಟಿರುತ್ತವೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಮಧುಗಿರಿ, ಮಡಕಶಿರಾ, ಪಾವಗಡದ ಮೇಲೆ ಹಾಯಲಿದ್ದು, ಅದು ಪೂರ್ತಿಯಾಗುವವರೆಗೆ ಬಸ್ಸುಗಳೇ ಈ ಸೀಮೆಯ ಆಧಾರ.