ಮನೆಗೋಡೆಯ ಬಿರುಕು: ಮುಚ್ಚುವ ಮೊದಲು ಕಾರಣ ತಿಳಿಯಿರಿ

ಮಳೆಗಾಲ ಮುಗಿದು ಮನೆಗಳಿಗೆ ಸುಣ್ಣಬಣ್ಣ ಮಾಡಿಸುವ ಹೊತ್ತಿಗೆ ಬೈಂದೂರು ತಾಲೂಕಿನ ಉಪ್ಪುಂದ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಗೋಡೆಯ ಬಿರುಕುಗಳು ಗಮನಕ್ಕೆ ಬರುತ್ತವೆ. ಸಾಮಾನ್ಯವಾಗಿ ಅವುಗಳಿಗೆ ಸಿಮೆಂಟ್ ಅಥವಾ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿಯಲಾಗುತ್ತದೆ. ಮುಂದಿನ ವರ್ಷ ಅದೇ ಜಾಗದಲ್ಲಿ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಮೈಯೊಳಗಿನ ರೋಗಕ್ಕೆ ಜ್ವರ ಹೇಗೆ ಲಕ್ಷಣವೋ, ಕಟ್ಟಡದೊಳಗಿನ ತೊಂದರೆಗೆ ಬಿರುಕು ಹಾಗೆಯೇ ಲಕ್ಷಣ. ಕೆಲವು ಬಿರುಕುಗಳಿಂದ ಗೋಡೆಯ ಅಂದ ಮಾತ್ರ ಕೆಡುತ್ತದೆ. ಇನ್ನು ಕೆಲವು ಮನೆಮಂದಿಯ ಜೀವಕ್ಕೇ ಎರವಾಗಬಲ್ಲವು. ಬಿರುಕಿನ ಜಾಗ, ದಿಕ್ಕು ಮತ್ತು ಅಗಲ ನೋಡಿದರೆ ಇವೆರಡರ ವ್ಯತ್ಯಾಸವನ್ನು ಬಹುಮಟ್ಟಿಗೆ ಅರಿಯಬಹುದು.

ಸಾರಣೆಯ ಬಿರುಕು

ಜೇಡರ ಬಲೆಯಂತೆ ಗೋಡೆಯ ತುಂಬ ಹರಡಿದ ಕೂದಲೆಳೆಯ ಬಿರುಕುಗಳು ಬಹುಪಾಲು ಸಾರಣೆಯವು. ಸಿಮೆಂಟ್ ಹೆಚ್ಚಾಗಿರುವುದು, ಮರಳಿನಲ್ಲಿ ಮಣ್ಣಿನ ಅಂಶವಿರುವುದು, ಸಾರಣೆ ಬೇಗನೆ ಒಣಗುವುದು ಇವುಗಳಿಗೆ ಕಾರಣ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಪಿಪಿಸಿ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ಸತತವಾಗಿ ನೀರುಣಿಸಬೇಕೆಂಬುದು ನಿಯಮ. ಸಾರಣೆಗೂ ಅಂಥದೇ ಆರೈಕೆ ಬೇಕು. ಕಡಲಗಾಳಿಯೂ ಬಿಸಿಲೂ ಸೇರುವ ಕರಾವಳಿಯಲ್ಲಿ ಬೆಳಿಗ್ಗೆ ಒಮ್ಮೆ ನೀರು ಎರಚಿ ಬಿಟ್ಟರೆ ಸಾಲದು. ಈ ಬಿರುಕುಗಳಿಂದ ಗೋಡೆಯ ಬಲ ಕುಗ್ಗುವುದಿಲ್ಲ. ಆದರೆ ಮಳೆನೀರು ಒಳಹೊಕ್ಕು ತೇವ ಹಿಡಿಯದಂತೆ ಅವನ್ನು ಮುಚ್ಚಿಸುವುದು ಒಳಿತು.

ತಾರಸಿಯ ಕೆಳಗಿನ ಅಡ್ಡ ಬಿರುಕು

1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಕರಾವಳಿಯಲ್ಲಿ ಹಂಚಿನ ಮಾಡು ಮನೆಮಾತಾಯಿತು. ಹಂಚುಗಳು ಬಿಡಿಬಿಡಿಯಾಗಿರುವುದರಿಂದ ಬಿಸಿಲಿಗೆ ಹಿಗ್ಗಿದರೂ ಗೋಡೆಯನ್ನು ಎಳೆಯುವುದಿಲ್ಲ. ಕಾಂಕ್ರೀಟ್ ತಾರಸಿಯಾದರೋ ಒಂದೇ ಹಲಗೆಯಂತಿರುತ್ತದೆ. 10 ಮೀಟರ್ ಉದ್ದದ ತಾರಸಿ 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದಾಗ ಸುಮಾರು 2 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ರಾತ್ರಿ ತಣಿದಾಗ ಕುಗ್ಗುತ್ತದೆ. ಈ ನಿತ್ಯದ ಎಳೆದಾಟದಿಂದ ತಾರಸಿಯೂ ಗೋಡೆಯೂ ಕೂಡುವೆಡೆ ಅಡ್ಡಗೆರೆಯಂಥ ಬಿರುಕು ಮೂಡುತ್ತದೆ. ಹೊಸ ಮನೆ ಕಟ್ಟುವಾಗ ಗೋಡೆಯ ಮೇಲೆ ತಾರಸಿ ಜಾರಲು ಅನುಕೂಲವಾಗುವ ಪದರ ಕೊಡುವುದು, ಕಟ್ಟಿದ ಮನೆಯಲ್ಲಿ ತಾರಸಿಗೆ ಬಿಳಿಯ ಬಣ್ಣ ಬಳಿಯುವುದು ಅಥವಾ ಮೇಲೆ ತಗಡಿನ ಮಾಡು ಹಾಕುವುದು ಇದಕ್ಕೆ ಪರಿಹಾರ. ಬರಿಯ ಸಿಮೆಂಟ್ ತುಂಬಿದರೆ ಅದು ಮರುವರ್ಷವೇ ಸೀಳುತ್ತದೆ.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಸಣ್ಣ ಬಿರುಕು, ಪಿಲ್ಲರ್ ಹಾಗೂ ಕೆಂಪುಕಲ್ಲಿನ ಗೋಡೆ ಸೇರುವಲ್ಲಿ ನೆಟ್ಟಗೆ ಇಳಿಯುವ ಬಿರುಕು ಕೂಡ ಇಂಥವೇ. ಎರಡು ಬಗೆಯ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವಾಗ ಅವು ಕೂಡುವ ಜಾಗ ಬಿಡುತ್ತದೆ. ಅಲ್ಲಿ ಸಾರಣೆಯ ಒಳಗೆ ಜಾಳಿಗೆ ಹಾಕಿಸಿದರೆ ಇದನ್ನು ತಡೆಯಬಹುದು.

ನೆಲ ಕುಸಿದಾಗ

ಬಯಲುಸೀಮೆಯ ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಬಿರಿದು ಮನೆಗಳನ್ನು ಸೀಳುತ್ತದೆ. ಕರಾವಳಿಯ ತೊಂದರೆ ಬೇರೆ. ಇಲ್ಲಿ ಮೇಲೆ ಗಟ್ಟಿಯಾದ ಕೆಂಪುಕಲ್ಲಿದ್ದರೂ ಹಲವೆಡೆ ಅದರ ಕೆಳಗೆ ಶೇಡಿ ಮಣ್ಣಿರುತ್ತದೆ. ಒಣಗಿದಾಗ ಗಟ್ಟಿಯಾಗಿ ತೋರುವ ಶೇಡಿ ಮಣ್ಣು ನೀರು ತಾಗಿದೊಡನೆ ಬಲ ಕಳೆದುಕೊಳ್ಳುತ್ತದೆ. ಕೆಂಪುಕಲ್ಲನ್ನು ತೆಗೆದು ತಗ್ಗಾದ ಜಾಗದಲ್ಲಿ ಕಟ್ಟಿದ ಮನೆಗೆ ಈ ಮಣ್ಣೇ ಆಧಾರವಾಗಿಬಿಡಬಹುದು. ಗದ್ದೆಗೆ ಮಣ್ಣು ತುಂಬಿಸಿ ಮರುವರ್ಷವೇ ಮನೆ ಎಬ್ಬಿಸಿದಾಗ ತುಂಬಿದ ಮಣ್ಣು ಮಳೆನೀರಿಗೆ ಇಳಿಯುತ್ತದೆ. ಕಡಲ ಬದಿಯ ಮರಳು ನೆಲದಲ್ಲಿ ಮಾಡಿನ ನೀರು ಪಂಚಾಂಗದ ಬುಡಕ್ಕೇ ಬಿದ್ದರೆ ಮರಳು ಕೊಚ್ಚಿಹೋಗುತ್ತದೆ.

ಇಂಥ ಕುಸಿತದಿಂದಾದ ಬಿರುಕು ಓರೆಯಾಗಿರುತ್ತದೆ. ಕಲ್ಲಿನ ಸಂದುಗಳನ್ನು ಹಿಡಿದು ಮೆಟ್ಟಿಲಿನಂತೆ ಏರುತ್ತದೆ. ಸಾರಣೆಯನ್ನು ದಾಟಿ ಗೋಡೆಯ ಎರಡೂ ಬದಿಗೆ ಕಾಣುತ್ತದೆ. ಮನೆಯ ಮೂಲೆ ಇಳಿದಿದ್ದರೆ ಅದು ಮೇಲ್ಗಡೆ ಅಗಲವಾಗಿರುತ್ತದೆ. ಗೋಡೆಯ ನಡುಭಾಗ ಇಳಿದಿದ್ದರೆ ಕೆಳಗಡೆ ಅಗಲವಾಗಿರುತ್ತದೆ. ಬಾಗಿಲು, ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾಗಿ ಮುಚ್ಚಲು ಬಾರದಿದ್ದರೆ ಅದೂ ಒಂದು ಮುನ್ಸೂಚನೆ. ಇಲ್ಲಿ ಮೊದಲು ದುರಸ್ತಿಯಾಗಬೇಕಾದದ್ದು ನೀರಿನ ದಾರಿ. ಮಾಡಿನ ನೀರಿಗೆ ದಂಬೆ, ಅಂಗಳದಲ್ಲಿ ಹೊರಕ್ಕೆ ಇಳಿಜಾರು, ಬಚ್ಚಲು ನೀರಿನ ಇಂಗುಗುಂಡಿಗೆ ಅಡಿಪಾಯದಿಂದ ದೂರದ ಜಾಗ ಇವು ಅಗತ್ಯ.

ಕಬ್ಬಿಣ ತುಕ್ಕು ಹಿಡಿದಾಗ

ಮಡಿಕಲ್ ಕಡಲತೀರದಂಥ ಪ್ರದೇಶಗಳಲ್ಲಿ ಇನ್ನೊಂದು ಅಪಾಯವಿದೆ. ಕಡಲಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳುಗಳನ್ನು ತುಕ್ಕು ಹಿಡಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದ ಸಿಡಿಯುತ್ತದೆ. ಬೀಮ್, ಪಿಲ್ಲರ್ ಅಥವಾ ಸಜ್ಜಾದಲ್ಲಿ ಸರಳಿನ ಉದ್ದಕ್ಕೆ ಸಾಗುವ ಬಿರುಕು, ಕಂದು ಕಲೆ, ತಟ್ಟಿದರೆ ಪೊಳ್ಳು ಸದ್ದು ಇದರ ಗುರುತು. ಕಡಲ ಪರಿಸರಕ್ಕೆ ತೆರೆದಿರುವ ಕಾಂಕ್ರೀಟಿನಲ್ಲಿ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕೆಂದು ಭಾರತೀಯ ಮಾನಕ ಐಎಸ್ 456 ವಿಧಿಸುತ್ತದೆ. ಕಡಲ ಮರಳನ್ನಾಗಲಿ ಉಪ್ಪುನೀರನ್ನಾಗಲಿ ಕಾಂಕ್ರೀಟಿಗೆ ಬಳಸುವುದೆಂದರೆ ತುಕ್ಕನ್ನು ಮನೆಯೊಳಗೆ ತಾವೇ ಕರೆತಂದಂತೆ. ಈ ಬಗೆಯ ಬಿರುಕಿನ ಮೇಲೆ ಸಾರಣೆ ಮಾಡಿದರೆ ಅಪಾಯ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ.

ಪರೀಕ್ಷಿಸುವ ಕ್ರಮ

ಭಾರತೀಯ ಮಾನಕ ಸಂಸ್ಥೆಯ 1984ರ ಕೈಪಿಡಿಯ ಪ್ರಕಾರ 1 ಮಿಲಿಮೀಟರಿಗಿಂತ ಕಡಿಮೆಯದು ತೆಳು ಬಿರುಕು, 1ರಿಂದ 2 ಮಿಲಿಮೀಟರಿನದು ಮಧ್ಯಮ, ಅದಕ್ಕೂ ಮೀರಿದ್ದು ಅಗಲ ಬಿರುಕು. ಆದರೆ ಅಗಲದಷ್ಟೇ ಮುಖ್ಯವಾದದ್ದು ಅದು ಬೆಳೆಯುತ್ತಿದೆಯೇ ಎಂಬುದು. ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಬೇಕು. ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ಬದಿಗೆ ಭದ್ರವಾಗಿ ಅಂಟಿಸಬೇಕು. ಗಾಜು ಒಡೆದರೆ ಅಥವಾ ಬಿರುಕು ಗೆರೆಯನ್ನು ದಾಟಿದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಒಂದು ಮಳೆಗಾಲ ಹಾಗೂ ಒಂದು ಬೇಸಗೆ ಕಳೆದರೂ ಬದಲಾಗದ ತೆಳು ಬಿರುಕನ್ನು ನಿಶ್ಚಿಂತೆಯಿಂದ ಮುಚ್ಚಿಸಬಹುದು.

ಬಿರುಕು ಬೆಳೆಯುತ್ತಿದ್ದರೆ, 2 ಮಿಲಿಮೀಟರಿಗಿಂತ ಅಗಲವಿದ್ದರೆ, ಗೋಡೆ ವಾಲಿದ್ದರೆ ಅಥವಾ ಬೀಮಿನಲ್ಲಿ ಸರಳು ಕಾಣುತ್ತಿದ್ದರೆ ಅರ್ಹ ಇಂಜಿನಿಯರರ ಸಲಹೆ ಪಡೆಯದೆ ದುರಸ್ತಿಗೆ ಕೈಹಾಕಬಾರದು. ಮಳೆಗಾಲದಲ್ಲಿ ಇಂಥ ಲಕ್ಷಣ ಕಂಡಲ್ಲಿ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಕೂಡಲೇ ಗ್ರಾಮ ಪಂಚಾಯತಿಗೂ ಗ್ರಾಮ ಆಡಳಿತ ಅಧಿಕಾರಿಗೂ ತಿಳಿಸಬೇಕು. ಸರ್ಕಾರಿ ವಸತಿ ಯೋಜನೆಯಡಿ ಮನೆ ಕಟ್ಟುವ ಫಲಾನುಭವಿಗಳು ಅಡಿಪಾಯ ತೋಡಿದ ದಿನವೇ ತಳದ ಮಣ್ಣನ್ನು ಇಂಜಿನಿಯರರಿಗೆ ತೋರಿಸುವುದು ಸೂಕ್ತ. ಆಗ ಒಂದಡಿ ಹೆಚ್ಚು ಆಳಕ್ಕೆ ತಗಲುವ ವೆಚ್ಚ, ಮುಂದೆ ಬಿರಿದ ಮನೆಯನ್ನು ನಿಲ್ಲಿಸಿಕೊಳ್ಳಲು ತಗಲುವ ವೆಚ್ಚದ ಮುಂದೆ ಅತ್ಯಲ್ಪ.