ಮಳೆಗಾಲದಲ್ಲಿ ಕೋವಿಗೆ ವಿಶ್ರಾಂತಿ

ಕಕ್ಕಡ ಮಾಸದ ಕೊಡಗನ್ನು ಕಂಡವರಿಗೆ ಮಳೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ದಿನಗಳಲ್ಲಿ ಆಕಾಶ ತೆರವಾಗುವುದೇ ಅಪರೂಪ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಹೆಚ್ಚು. ಅದರ ದೊಡ್ಡ ಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬೇಟೆಗೆ ಹೆಸರಾದ ಕೊಡವರ ಕೋವಿಗಳು ಹಿಂದೆ ಈ ಕಾಲದಲ್ಲಿ ಎಲ್ಲಿರುತ್ತಿದ್ದವು? ಐನ್‌ಮನೆಯ ಕನ್ನಿ ಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ.

ಮಳೆ ಹಿಡಿದು ಗದ್ದೆಯ ಕೆಲಸ ಆರಂಭವಾಯಿತೆಂದರೆ ಆಯುಧಗಳನ್ನು ಅಲ್ಲಿಟ್ಟು ನೇಗಿಲು ಹಿಡಿಯಬೇಕು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ, ಕೈಲ್ ಪೊಳ್ದ್ ಹಬ್ಬದಂದು ಅವನ್ನು ಹೊರತೆಗೆದು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸಬೇಕು. ‘ಕೈಲ್’ ಎಂದರೆ ಆಯುಧ. ‘ತೋಕ್ ಪೂ’ ಎಂದರೆ ಕೋವಿಯ ಹೂ. ಮಳೆಗಾಲದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯೇ ಅದು. ಬೇಟೆಯ ಕಾಲ ಮತ್ತೆ ತೆರೆಯುತ್ತಿದ್ದುದು ಈ ಪೂಜೆಯ ನಂತರವೇ.

ಜಿಂಕೆ, ಕಡವೆಗಳ ಮೇಲಿನ ಕರುಣೆಯಿಂದ ಈ ಪದ್ಧತಿ ಹುಟ್ಟಿತೆಂದು ಹೇಳುವವರಿದ್ದಾರೆ. ಹಾಗೆ ಹೇಳುವುದು ಹಿರಿಯರಿಗೆ ಗೌರವ ತೋರಿದಂತೆ ಕಂಡರೂ ಅವರ ಬದುಕನ್ನು ಸರಿಯಾಗಿ ತಿಳಿದಂತಾಗುವುದಿಲ್ಲ. ಮೊದಲ ಕಾರಣ ಗದ್ದೆ. ನಾಟಿಯ ದಿನಗಳಲ್ಲಿ ಊರಿನ ಪ್ರತಿಯೊಬ್ಬರ ಕೈಯೂ ಬೇಕು. ಹಳುವಿನಲ್ಲಿ ಸದ್ದು ಮಾಡಿ ಪ್ರಾಣಿಗಳನ್ನು ಸೋವುವವರು, ನಾಯಿ ಹಿಡಿಯುವವರು, ಕೋವಿ ಹಿಡಿದು ಕಾಯುವವರು ಎಂದು ಹತ್ತಾರು ಜನ ಕಾಡಿಗೆ ಹೋದರೆ ಆ ದಿನದ ಸಸಿಮಡಿಯನ್ನು ಕೀಳುವವರು ಯಾರು?

ಎರಡನೆಯ ಕಾರಣ ಮಳೆಯೇ. ತುಂತುರು ಮಳೆ ಬೇಟೆಗಾರನಿಗೆ ಮಿತ್ರ. ನೆನೆದ ತರಗೆಲೆ ಕಾಲಡಿಯಲ್ಲಿ ಸದ್ದು ಮಾಡುವುದಿಲ್ಲ, ಮೆತ್ತನೆಯ ಮಣ್ಣಿನಲ್ಲಿ ಹೆಜ್ಜೆ ಚೆನ್ನಾಗಿ ಮೂಡುತ್ತದೆ, ತೇವದ ನೆಲದಲ್ಲಿ ನಾಯಿಗೆ ವಾಸನೆ ಸುಲಭವಾಗಿ ಸಿಗುತ್ತದೆ. ಆದರೆ ಮಳೆ ಬಿರುಸಾದರೆ ಇದೇ ಅನುಕೂಲಗಳು ತಿರುಗಿಬೀಳುತ್ತವೆ. ಹೆಜ್ಜೆ ಅಳಿಸುತ್ತದೆ, ವಾಸನೆ ತೊಳೆದುಹೋಗುತ್ತದೆ. ಕಡವೆ ದಟ್ಟ ಪೊದೆ ಸೇರುತ್ತದೆ. ಗಾಯಗೊಂಡ ಪ್ರಾಣಿ ಓಡಿದರೆ ರಕ್ತದ ಜಾಡು ಹಿಡಿಯಲಾಗದೆ, ಅದು ಯಾರಿಗೂ ದಕ್ಕದೆ ಎಲ್ಲೋ ನರಳಿ ಸಾಯುತ್ತದೆ. ಇಂಬಳದ ಕಾಟ ಬೇರೆ.

ಮೂರನೆಯದು ಆಯುಧದ ಮಿತಿ. ನೆನೆದ ಹೆದೆ ಸಡಿಲವಾಗುವುದರಿಂದ ಬಿಲ್ಲಿನ ಕಾಲದಲ್ಲೇ ಮಳೆ ಬೇಟೆಗಾರನ ವೈರಿಯಾಗಿತ್ತು. ಮದ್ದಿನ ಕೋವಿ ಬಂದ ಮೇಲೂ ಅವನ ಪಾಡು ಬದಲಾಗಲಿಲ್ಲ. ಹಳೆಯ ಕೋವಿಗಳಲ್ಲಿ ಉರಿಯುವ ಬತ್ತಿಯಿಂದಲೋ ಚಕಮಕಿ ಕಲ್ಲಿನ ಕಿಡಿಯಿಂದಲೋ ಹೊರಗಿನ ಬಟ್ಟಲಲ್ಲಿಟ್ಟ ಮದ್ದು ಹೊತ್ತಿಕೊಂಡು, ಆ ಬೆಂಕಿ ಒಳಗಿನ ಮದ್ದಿಗೆ ತಗಲಬೇಕಾಗಿತ್ತು. ಬಟ್ಟಲಿನ ಮದ್ದಿಗೆ ನಾಲ್ಕು ಹನಿ ಬಿದ್ದರೆ ಕೋವಿ ಬರಿಯ ಕೊಳವೆ. ಸುರಿವ ಮಳೆಯಲ್ಲಿ ಜಿಂಕೆಗೆ ಮಳೆಯೇ ಕೊಡೆ ಹಿಡಿದಿತ್ತು.

ಈ ಕೊಡೆಯನ್ನು ಕಿತ್ತುಕೊಂಡದ್ದು ದೂರದ ಸ್ಕಾಟ್ಲೆಂಡಿನಲ್ಲಿ ನಡೆದ ಒಂದು ಶೋಧ. ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ ಹಕ್ಕಿಬೇಟೆಯ ಗೀಳಿನವನು. ಬಟ್ಟಲಿನ ಮದ್ದು ಭುಗಿಲೆಂದೊಡನೆ, ಗುಂಡು ಹೊರಡುವ ಮೊದಲೇ, ಹಕ್ಕಿ ಎಚ್ಚರಗೊಂಡು ಹಾರುತ್ತಿತ್ತು. ಇದಕ್ಕೆ ಪರಿಹಾರವಾಗಿ ಆತ ಪೆಟ್ಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸಿ 1807ರಲ್ಲಿ ಹಕ್ಕುಪತ್ರ ಪಡೆದ. ಮುಂದಿನ ದಶಕಗಳಲ್ಲಿ ಅದರಿಂದಲೇ ತಾಮ್ರದ ಪುಟ್ಟ ಕೇಪು ಬಂತು, ಆಮೇಲೆ ಎಲ್ಲವೂ ಒಳಗೇ ಅಡಗಿದ ತೋಟಾ ಬಂತು. ಮಳೆಯಲ್ಲೂ ಕೋವಿ ಹಾರತೊಡಗಿತು. ಹಕ್ಕಿಯ ಆಸೆಗೆ ಹುಟ್ಟಿದ ಉಪಾಯದಿಂದ ಲೋಕದ ಎಲ್ಲ ಕಾಡುಗಳ ಮಳೆಗಾಲದ ರಕ್ಷಣೆ ಸಡಿಲವಾಯಿತು.

ಆಮೇಲೆ ಉಳಿದದ್ದು ಸಂಪ್ರದಾಯದ ಬೇಲಿ ಮಾತ್ರ. ಅದೂ ಊರು, ಒಕ್ಕ, ಗದ್ದೆಗಳ ಕಟ್ಟುಪಾಡು ಗಟ್ಟಿಯಾಗಿರುವಷ್ಟು ದಿನ. ರಸ್ತೆಗಳು ಬಂದು, ಕಾಫಿ ತೋಟಗಳು ಹಬ್ಬಿ, ಸಂತೆಯಲ್ಲಿ ಮಾಂಸಕ್ಕೆ ಬೆಲೆ ಹುಟ್ಟಿದ ಮೇಲೆ ಅದಷ್ಟರಿಂದಲೇ ಕಾಡು ಉಳಿಯುವಂತಿರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಗಲೂ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯುವ ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೋವಿಯ ಹಕ್ಕು ಬೇಟೆಯ ಹಕ್ಕಲ್ಲ. ಇಂದು ಕೈಲ್ ಪೊಳ್ದ್‌ನಂದು ಗುರಿ ಪರೀಕ್ಷೆಗೆ ಸಿಗುವುದು ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿ. ಹಬ್ಬದ ಸಡಗರಕ್ಕೆ ಅದರಿಂದ ಯಾವ ಕುಂದೂ ಬಂದಿಲ್ಲ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಹಿಂದೆ ಜಿಂಕೆಗೆ ರಕ್ಷಣೆಯಾಗಿದ್ದ ಮಳೆ ಈಗ ಕಳ್ಳಬೇಟೆಗಾರನಿಗೆ ಮರೆಯಾಗಿದೆ. ಮಳೆಯ ಭೋರ್ಗರೆತದಲ್ಲಿ ಗುಂಡಿನ ಸದ್ದು ಅಡಗುತ್ತದೆ. ಹಳ್ಳಗಳು ತುಂಬಿ, ಕಾಡುದಾರಿ ಕೆಸರಾಗಿ ಗಸ್ತಿನ ಜೀಪು ಮುಂದೆ ಹೋಗದು. ಹೊದರು ಬೆಳೆದು ನಾಲ್ಕು ಮಾರು ದೂರವೂ ಕಾಣದು. ಬಂದುಹೋದವನ ಹೆಜ್ಜೆಯನ್ನು ಮಳೆ ಅಳಿಸಿಬಿಡುತ್ತದೆ. ಇನ್ನು ತಂತಿಯ ಉರುಳಿಗೆ ಕೋವಿಯೂ ಬೇಡ, ಹವೆಯ ಹಂಗೂ ಇಲ್ಲ. ಜಿಂಕೆಗೆಂದು ಒಡ್ಡಿದ ಉರುಳಿಗೆ ಹುಲಿಯೋ ಚಿರತೆಯೋ ಸಿಕ್ಕಿಬೀಳುವುದೂ ಉಂಟು. ಉತ್ತರಾಖಂಡದ ಕಾರ್ಬೆಟ್ ಕಾಡಿನಲ್ಲಿ ಮಳೆಗಾಲದ ಗಸ್ತಿಗೆಂದೇ ‘ಆಪರೇಷನ್ ಮಾನ್ಸೂನ್’ ಎಂಬ ವಿಶೇಷ ಕಾರ್ಯಾಚರಣೆ ನಡೆಯುತ್ತದೆ. ನಾಗರಹೊಳೆ, ಬಂಡೀಪುರಗಳ ಕಾವಲುಗಾರರು ಕೊಡೆಯೂ ನಿಲ್ಲದ ಮಳೆಯಲ್ಲಿ, ಇಂಬಳ ಕಿತ್ತೆಸೆಯುತ್ತ ಕಾಲ್ನಡಿಗೆಯಲ್ಲಿ ಸುತ್ತಬೇಕಾಗಿರುವುದೂ ಇದೇ ಕಾರಣಕ್ಕೆ. ಹುಲಿ, ಕಾಡುನಾಯಿಗಳ ಹೊಟ್ಟೆ ತುಂಬಬೇಕಾದದ್ದು ಆ ಕಾಡಿನ ಜಿಂಕೆ ಕಡವೆಗಳಿಂದಲೇ.

ಹಿರಿಯರು ಮಳೆಗಾಲದಲ್ಲಿ ಬೇಟೆ ಬಿಟ್ಟದ್ದು ಜಿಂಕೆಗಾಗಿ ಅಲ್ಲದಿರಬಹುದು. ಆದರೂ ಕೈಯಲ್ಲಿ ಆಯುಧವಿರುವವನು ವರ್ಷದಲ್ಲಿ ಕೆಲವು ತಿಂಗಳಾದರೂ ಅದನ್ನು ಕೆಳಗಿಡಬೇಕೆಂಬ ನಿಯಮವನ್ನು ಅವರು ಹಬ್ಬದೊಡನೆ ಹೆಣೆದಿಟ್ಟರು. ಅವರನ್ನು ತಡೆಯಲು ಗದ್ದೆಯಿತ್ತು, ಮಳೆಯಿತ್ತು, ನೆನೆದ ಮದ್ದಿತ್ತು. ಇವು ಯಾವುವೂ ಇಂದು ನಮ್ಮನ್ನು ತಡೆಯಲಾರವು. ಆದ್ದರಿಂದ ತಡೆಯುವ ಕೆಲಸ ಈಗ ಕಾನೂನಿನ ಮೇಲೆ ಬಿದ್ದಿದೆ. ಅದಕ್ಕಿಂತ ಹೆಚ್ಚಾಗಿ, ಮಳೆಯಲ್ಲಿ ನೆನೆಯುತ್ತ ಕಾಡು ಕಾಯುವ ಆ ಕೆಲವೇ ಜನರ ಮೇಲೆ.