ಕಾಡುಬೆಳ್ಳುಳ್ಳಿಯ ಗುಣವೂ ನಾವು ವಹಿಸತಕ್ಕ ಎಚ್ಚರವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಈಗ ಸಂಸಾರವನ್ನು ನಡಿಸುವವರಾಗಿದ್ದಾರೆ. ಗಿಡಮೂಲಿಕೆಗಳ ಮಹಿಮೆಯನ್ನು ಕುರಿತು ಅವರ ಕಿವಿಗೆ ಬೀಳುವ ಮಾತುಗಳು ಅನೇಕ. ಅವುಗಳಲ್ಲಿ ನಿಜವೆಷ್ಟು, ಎಚ್ಚರವೆಲ್ಲಿ ಬೇಕು ಎಂಬದನ್ನು ಒಂದು ಸಸ್ಯದ ದೃಷ್ಟಾಂತದಿಂದ ತಿಳಿಸುವದೇ ಈ ಲೇಖನದ ಉದ್ದೇಶವು.

ಯೂರೋಪು ಖಂಡದ ತಂಪಾದ ಅಡವಿಗಳಲ್ಲಿ ಕಾಡುಬೆಳ್ಳುಳ್ಳಿಯೆಂಬ ಗಡ್ಡೆಯ ಸಸ್ಯವು ಬೆಳೆಯುವದು. ಶಾಸ್ತ್ರಜ್ಞರು ಇದನ್ನು ಆಲಿಯಂ ಉರ್ಸೀನಂ, ಅಂದರೆ ಕರಡಿಯ ಬೆಳ್ಳುಳ್ಳಿ, ಎಂದು ಕರೆಯುವರು. ವಸಂತಕಾಲದಲ್ಲಿ ಇದರ ಅಗಲವಾದ ಎಲೆಗಳೂ ನಕ್ಷತ್ರದಂಥ ಬಿಳಿಹೂಗಳೂ ನೆಲವನ್ನು ಮುಚ್ಚುವವು. ಅಲ್ಲಿಯವರು ಎಲೆಗಳನ್ನು ಹಸಿಯಾಗಿಯೂ ಅಡಿಗೆಯಲ್ಲಿ ಹಾಕಿಯೂ ತಿನ್ನುವರು, ಗಡ್ಡೆಯೂ ತಿನ್ನತಕ್ಕದ್ದೇ.

ಇದು ನಮ್ಮ ಬೆಳ್ಳುಳ್ಳಿಯ ಕುಲಕ್ಕೆ ಸೇರಿದ್ದು. ಬೆಳ್ಳುಳ್ಳಿಯ ಇಡೀ ಎಸಳಿಗೆ ಅಷ್ಟು ವಾಸನೆಯಿಲ್ಲ, ಜಜ್ಜಿದೊಡನೆ ಘಾಟು ಏಳುವದು ಎಂಬದನ್ನು ಗೃಹಿಣಿಯರೆಲ್ಲರೂ ಬಲ್ಲರು. ಇದಕ್ಕೆ ಕಾರಣವೇನಂದರೆ, ಅಲಿಯಿನ್ ಎಂಬ ಗಂಧಕಯುಕ್ತ ಪದಾರ್ಥವೂ ಅಲಿನೇಸ್ ಎಂಬ ಕಿಣ್ವವೂ ಸಸ್ಯದ ಒಡಲಲ್ಲಿ ಬೇರೆ ಬೇರೆಯಾಗಿರುವವು. ಜಜ್ಜಿದಾಗ ನಡುವಣ ಗೋಡೆ ಒಡೆದು ಎರಡೂ ಕೂಡಲು, ಅಲಿಸಿನ್ ಎಂಬ ಹೊಸ ವಸ್ತು ಹುಟ್ಟುವದು. 1944ರಲ್ಲಿ ಅಮೇರಿಕದ ಕವಲಿಟೋ ಮತ್ತು ಬೇಯ್ಲಿ ಎಂಬವರು ಇದನ್ನು ಬೆಳ್ಳುಳ್ಳಿಯಿಂದ ಬೇರ್ಪಡಿಸಿದ ವಿಷಯವನ್ನು ಪ್ರಕಟಿಸಿದರು. ಅಲಿಸಿನ್ ಸೂಕ್ಷ್ಮಜೀವಿಗಳ ಕಿಣ್ವಗಳೊಡನೆ ಬೆರೆತು ಅವುಗಳ ಕೆಲಸವನ್ನು ಕೆಡಿಸುವದು. ಕಾಡುಬೆಳ್ಳುಳ್ಳಿಯಲ್ಲಿಯೂ ಇಂಥ ವಸ್ತುಗಳು ಹುಟ್ಟುವವು. ಆದರೆ ಅವು ಬಹುಕಾಲ ನಿಲ್ಲವು. ಜಜ್ಜುವ ಮುಂಚೆಯೇ ಚೆನ್ನಾಗಿ ಬೇಯಿಸಿದರೆ ಕಿಣ್ವವು ಕೆಟ್ಟು, ಅವು ಹುಟ್ಟುವದೂ ಇಲ್ಲ.

ಎರಡನೆಯದು ಉತ್ಕರ್ಷಣವನ್ನು ತಡೆಯುವ ಗುಣ. ಬಹುದಿನ ಇಟ್ಟ ಎಣ್ಣೆ ಕಮಟಾಗುವದು ಗಾಳಿಯಲ್ಲಿರುವ ಆಮ್ಲಜನಕದ ಕೆಲಸವಷ್ಟೆ. ನಮ್ಮ ದೇಹದಲ್ಲಿಯೂ ಆಮ್ಲಜನಕದ ಕೆಲವು ಉಗ್ರರೂಪಗಳು ಇಂಥ ಹಾನಿಯನ್ನು ಮಾಡಬಲ್ಲವು. ಈ ಸಸ್ಯದ ಎಲೆಯಲ್ಲಿರುವ ಸಿ ಜೀವಸತ್ವವೂ ಫ್ಲೇವನಾಯ್ಡುಗಳೂ ಅಂಥ ಕ್ರಿಯೆಯನ್ನು ತಡೆಯುವವೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

ಆದರೆ ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಜೀವಿಯು ಸತ್ತ ಮಾತ್ರಕ್ಕೆ ರೋಗಿಯ ದೇಹದಲ್ಲಿಯೂ ಸಾಯುವದೆಂದು ಹೇಳಲಾಗದು. ತಿಂದದ್ದು ಜಠರದಲ್ಲಿ ಮಾರ್ಪಡುವದು. ರಕ್ತಕ್ಕೆ ಸೇರುವ ಅಂಶವು ಬಹು ಸ್ವಲ್ಪ. ಆದುದರಿಂದ ಇದು ಒಳ್ಳೇ ಆಹಾರವೇ ಹೊರತು, ಜ್ವರದಿಂದ ಬಳಲುವ ಕೂಸಿಗೆ ವೈದ್ಯರ ಔಷಧದ ಬದಲಾಗಿ ಕೊಡತಕ್ಕದ್ದಲ್ಲ.

ಇದಕ್ಕಿಂತಲೂ ದೊಡ್ಡ ಅಪಾಯವು ರೂಪಸಾಮ್ಯದಿಂದ ಬರುವದು. ಯೂರೋಪಿನಲ್ಲಿ ಕಾಲ್ಚಿಕಂ ಎಂಬ ವಿಷಸಸ್ಯದ ಎಲೆಗಳನ್ನು ಕಾಡುಬೆಳ್ಳುಳ್ಳಿಯೆಂದು ತಿಂದು ಪ್ರಾಣ ಕಳಕೊಂಡವರಿದ್ದಾರೆ. ಎಲೆಯನ್ನು ಹಿಸುಕಿ ಮೂಸಿದರೆ ಭೇದವು ತಿಳಿಯುವದು ನಿಜ; ಆದರೆ ಕೆಲವು ಎಲೆಗಳನ್ನು ಕಿತ್ತ ಕೈಗೇ ಬೆಳ್ಳುಳ್ಳಿಯ ವಾಸನೆ ಹತ್ತುವದರಿಂದ ಮೂಗೂ ಮೋಸಹೋಗುವದು.

ನಮ್ಮ ನಾಡಿನಲ್ಲಿಯೂ ಕಾಡೀರುಳ್ಳಿಯೆಂಬ ಗಡ್ಡೆಯುಂಟು. ನೋಟಕ್ಕೆ ಈರುಳ್ಳಿಯಂತಿದ್ದರೂ ಅದರಲ್ಲಿರುವ ವಿಷವು ಹೃದಯದ ಬಡಿತವನ್ನು ಕೆಡಿಸುವದು. ಹೆಸರನ್ನೂ ರೂಪವನ್ನೂ ನಂಬಿ ಯಾವ ಗಡ್ಡೆಯನ್ನೂ ಅಡಿಗೆಗೆ ತರಬಾರದು. ಮಕ್ಕಳು ಹೊಲಗದ್ದೆಗಳಿಂದ ಏನನ್ನಾದರೂ ಅಗೆದು ತಂದರೆ ಅವರನ್ನು ಗದರಿಸದೆ, ಬಲ್ಲವರಿಗೆ ತೋರಿಸಿ ಅದರ ಗುರುತನ್ನು ಕಲಿಸಿರಿ. ಸಸ್ಯದ ಗುಣವನ್ನು ಹೊಗಳುವದಕ್ಕಿಂತ ಮೊದಲು ಸಸ್ಯವನ್ನು ಗುರುತಿಸುವದೇ ವಿದ್ಯೆಯ ಲಕ್ಷಣವು.